ಆ ಮೂಳೆ ಯಾರದ್ದು? ಕತ್ತೆಕಿರುಬಕ್ಕೆ ಎಲುಬು ತಿನ್ನಿಸಿ ಉತ್ತರ ಕಂಡುಕೊಂಡ ವಿಲಿಯಂ ಬಕ್‌ಲ್ಯಾಂಡ್ ಕಥೆ

ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಎನ್ನುವ ಫಾರ್ವರ್ಡ್ ನಿಮ್ಮ ವಾಟ್ಸ್‌ಆ್ಯಪ್‌ಗೂ ಒಂದಲ್ಲ ಒಂದು ದಿನ ಬಂದಿರಬಹುದು. ಅಗೆದ ಗುಂಡಿಯಲ್ಲಿ ಒಂದು ಕೋಣೆಯಷ್ಟು ದೊಡ್ಡ ಮನುಷ್ಯನ ತಲೆಬುರುಡೆ, ಅದರ ಪಕ್ಕದಲ್ಲಿ ಇರುವೆಯಂತೆ ಕಾಣುವ ಒಬ್ಬ ಕೆಲಸಗಾರ. ಉತ್ತರ ಭಾರತದ ಮರಳುಗಾಡಿನಲ್ಲಿ ಸಿಕ್ಕಿದ್ದು, ಸೇನೆ ಕಾವಲಿಗಿದೆ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ನಿಜ ಏನೆಂದರೆ ಅದು 2002ರಲ್ಲಿ ಇಂಟರ್ನೆಟ್‌ನ ಒಂದು ಫೋಟೋ ಎಡಿಟಿಂಗ್ ಸ್ಪರ್ಧೆಗಾಗಿ ಮಾಡಿದ ಚಿತ್ರ. ಅದರ ಹಿಂದಿರುವ ಅಸಲಿ ಫೋಟೋ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ 2000ದಲ್ಲಿ ನಡೆದ ಉತ್ಖನನದ್ದು. ಅಲ್ಲಿ ಅಗೆದು ತೆಗೆಯುತ್ತಿದ್ದದ್ದು ಆನೆಯ ದೂರದ ಸಂಬಂಧಿಯಾದ, ಈಗ ಅಳಿದುಹೋಗಿರುವ ಮ್ಯಾಸ್ಟಡಾನ್ ಎಂಬ ಪ್ರಾಣಿಯ ಮೂಳೆಗಳನ್ನು.

ಅಂದರೆ ಪ್ರಾಣಿಯ ಮೂಳೆ ಇದ್ದ ಜಾಗಕ್ಕೆ ದೈತ್ಯ ಮನುಷ್ಯ ಬಂದು ಕೂತ. ಹೀಗಾಗುವುದು ಹೊಸದೇನಲ್ಲ. ಇಂಗ್ಲೆಂಡ್‌ನ ರಾಬರ್ಟ್ ಪ್ಲಾಟ್ ಎಂಬ ವಿದ್ವಾಂಸರು 1677ರಲ್ಲಿ ತಮ್ಮ ಪುಸ್ತಕದಲ್ಲಿ ಕಲ್ಲುಗಣಿಯಲ್ಲಿ ಸಿಕ್ಕ ಒಂದು ಭಾರಿ ತೊಡೆಮೂಳೆಯ ತುಂಡಿನ ಚಿತ್ರ ಹಾಕಿದರು. ಆನೆಯದಿರಬಹುದೇ ಎಂದು ಯೋಚಿಸಿದರು, ಆನೆಯ ಜೊತೆ ಹೋಲಿಸಿ ಅಲ್ಲ ಎಂದರು, ಕೊನೆಗೆ ದೈತ್ಯ ಮನುಷ್ಯನದ್ದು ಎಂದು ತೀರ್ಮಾನಿಸಿದರು. ಆ ಮೂಳೆ ಈಗ ಕಳೆದುಹೋಗಿದೆ. ಚಿತ್ರ ನೋಡಿದ ತಜ್ಞರು ಅದು ಬಹುಶಃ ಮೆಗಲೋಸಾರಸ್ ಎಂಬ ಡೈನೋಸಾರ್‌ನದ್ದು ಎನ್ನುತ್ತಾರೆ.

ಆ ಮೆಗಲೋಸಾರಸ್‌ಗೆ 1824ರಲ್ಲಿ ಹೆಸರಿಟ್ಟು, ಇದು ಮನುಷ್ಯನೂ ಅಲ್ಲ, ಆನೆಯೂ ಅಲ್ಲ, ಅಳಿದುಹೋದ ದೊಡ್ಡ ಸರೀಸೃಪ ಎಂದು ಮೊದಲು ವಿವರಿಸಿದವರು ವಿಲಿಯಂ ಬಕ್‌ಲ್ಯಾಂಡ್. ಡೈನೋಸಾರ್ ಎಂಬ ಪದ ಹುಟ್ಟಿದ್ದೇ ಅದಾದ ಮೇಲೆ, 1842ರಲ್ಲಿ. ಆದರೆ ನಾವು ಇವತ್ತು ಹೇಳಹೊರಟಿರುವುದು ಡೈನೋಸಾರ್ ಕಥೆಯಲ್ಲ. ಗುಹೆಯಲ್ಲಿ ಸಿಕ್ಕ ಪ್ರಾಣಿಗಳ ಮೂಳೆಯಿಂದ ಆ ಕಾಲದ ಬದುಕನ್ನು ಓದುವುದು ಹೇಗೆ ಎಂದು ಜಗತ್ತಿಗೆ ತೋರಿಸಿದ ಇದೇ ಮನುಷ್ಯ, ಅದೇ ಬಗೆಯ ಗುಹೆಯಲ್ಲಿ ಮನುಷ್ಯನ ಮೂಳೆ ಸಿಕ್ಕಾಗ ಎಡವಿದ್ದು ಹೇಗೆ ಎಂಬ ಕಥೆ.

ಪಾದ್ರಿ ಮನೆಯ ಹುಡುಗ, ಆಕ್ಸ್‌ಫರ್ಡ್ ಮೇಷ್ಟ್ರು

ಬಕ್‌ಲ್ಯಾಂಡ್ ಹುಟ್ಟಿದ್ದು 1784ರಲ್ಲಿ, ಇಂಗ್ಲೆಂಡ್‌ನ ಡೆವನ್ ಪ್ರಾಂತ್ಯದ ಆಕ್ಸ್‌ಮಿನ್‌ಸ್ಟರ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನನ್ನು ಸುತ್ತಲಿನ ಕಲ್ಲುಗಣಿಗಳಿಗೆ ಕರೆದುಕೊಂಡು ಹೋಗಿ, ಬಂಡೆಯಲ್ಲಿ ಹುದುಗಿದ್ದ ಸುರುಳಿ ಚಿಪ್ಪುಗಳನ್ನು ಹೆಕ್ಕುವ ರೂಢಿ ಅವರಿಗಿತ್ತು. 1801ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದ ಹುಡುಗ ಮುಂದೆ ತಾನೂ ಪಾದ್ರಿಯಾದ. 1813ರಲ್ಲಿ ಅಲ್ಲಿಯೇ ಖನಿಜಶಾಸ್ತ್ರ ಕಲಿಸುವ ಹುದ್ದೆ, ಕೆಲವೇ ವರ್ಷಗಳಲ್ಲಿ ಭೂವಿಜ್ಞಾನ ಕಲಿಸುವ ಹುದ್ದೆಯೂ ಸಿಕ್ಕಿತು.

ಆಗಿನ ಆಕ್ಸ್‌ಫರ್ಡ್‌ನಲ್ಲಿ ಭೂವಿಜ್ಞಾನ ಪಾಠ ಮಾಡುವುದು ಸಲೀಸಾಗಿರಲಿಲ್ಲ. ಭೂಮಿಯ ಚರಿತ್ರೆಯನ್ನು ಬೈಬಲ್ ಆಗಲೇ ಹೇಳಿದೆ, ಮತ್ತೇನು ಬೇಕು ಎನ್ನುವವರು ಬಹಳ ಮಂದಿ ಇದ್ದರು. ಬಕ್‌ಲ್ಯಾಂಡ್ ತಮ್ಮ ಮೊದಲ ದೊಡ್ಡ ಉಪನ್ಯಾಸದಲ್ಲೇ ಭೂವಿಜ್ಞಾನಕ್ಕೂ ಧರ್ಮಗ್ರಂಥಕ್ಕೂ ಜಗಳವಿಲ್ಲ, ನೋಹನ ಕಾಲದ ಮಹಾಪ್ರಳಯಕ್ಕೆ ನೆಲದಲ್ಲೇ ಸಾಕ್ಷಿ ಇದೆ ಎಂದು ವಾದಿಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದು ಅರ್ಥವಾಗಲು ಇದು ಬೇಕು.

ರಸ್ತೆಗೆ ಸುರಿದ ಮೂಳೆಗಳು

1821ರಲ್ಲಿ ಇಂಗ್ಲೆಂಡ್‌ನ ಉತ್ತರದ ಯಾರ್ಕ್‌ಷೈರ್‌ನಲ್ಲಿ, ಕರ್ಕ್‌ಡೇಲ್ ಎಂಬಲ್ಲಿ ಸುಣ್ಣಕಲ್ಲು ಒಡೆಯುತ್ತಿದ್ದವರಿಗೆ ಒಂದು ಗುಹೆಯ ಬಾಯಿ ಕಾಣಿಸಿತು. ಒಳಗೆ ಮಣ್ಣಿನಲ್ಲಿ ರಾಶಿ ರಾಶಿ ಮೂಳೆ. ಯಾವುದೋ ರೋಗ ಬಂದು ಸತ್ತ ದನಗಳದ್ದು ಇರಬೇಕು ಎಂದುಕೊಂಡ ಕೆಲಸಗಾರರು ಕಲ್ಲಿನ ಜೊತೆ ಅವನ್ನೂ ರಸ್ತೆ ರಿಪೇರಿಗೆ ಸುರಿದುಬಿಟ್ಟರು. ಆ ದಾರಿಯಲ್ಲಿ ಹೋದ ತಿಳಿದವರೊಬ್ಬರ ಕಣ್ಣಿಗೆ ಅವು ಬಿದ್ದವು. ಸುದ್ದಿ ಹರಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬಕ್‌ಲ್ಯಾಂಡ್ ಅಲ್ಲಿಗೆ ಬಂದರು.

ಮೂಳೆ ನೋಡಿದರೆ ಆನೆ, ಘೇಂಡಾಮೃಗ, ನೀರಾನೆ, ಜಿಂಕೆ, ಕಾಡುದನ, ನೀರಿಲಿ. ಎಲ್ಲಕ್ಕಿಂತ ಎದ್ದು ಕಾಣುವಷ್ಟು ಕತ್ತೆಕಿರುಬದ ಹಲ್ಲುಗಳು. ಇಂಗ್ಲೆಂಡ್‌ನ ಚಳಿಯಲ್ಲಿ ನೀರಾನೆ ಹೇಗೆ ಬಂತು? ಆಗ ಬಹುತೇಕರ ಬಳಿ ಸಿದ್ಧ ಉತ್ತರವಿತ್ತು: ಮಹಾಪ್ರಳಯದ ನೀರು ಬಿಸಿದೇಶಗಳ ಪ್ರಾಣಿಗಳ ಹೆಣಗಳನ್ನು ಇಲ್ಲಿಯವರೆಗೆ ತೇಲಿಸಿಕೊಂಡು ಬಂದಿದೆ.

ಪ್ರಳಯವನ್ನು ನಂಬಿದ್ದ ಬಕ್‌ಲ್ಯಾಂಡ್ ಈ ಉತ್ತರವನ್ನು ಒಪ್ಪಲಿಲ್ಲ. ಕಾರಣ ಸರಳ. ಗುಹೆ ನೂರಾರು ಅಡಿ ಉದ್ದವಿದ್ದರೂ ಬಾಯಿ ಕಿರಿದು, ಹೆಚ್ಚಿನ ಕಡೆ ಮನುಷ್ಯ ನಿಲ್ಲಲಾಗದಷ್ಟು ತಗ್ಗು. ಇಡೀ ಆನೆ ಅದರೊಳಗೆ ತೇಲಿ ಬರಲು ಸಾಧ್ಯವೇ ಇಲ್ಲ. ಪೂರ್ತಿ ಅಸ್ಥಿಪಂಜರ ಒಂದೂ ಇರಲಿಲ್ಲ, ಎಲ್ಲವೂ ತುಂಡು. ತುಂಡುಗಳ ಮೇಲೆ ಹಲ್ಲಿನ ಗುರುತು. ಕೆಲವು ಮೂಳೆಗಳ ಒಂದೇ ಮಗ್ಗುಲು ನುಣುಪಾಗಿತ್ತು, ಯಾವುದೋ ಪ್ರಾಣಿ ವರ್ಷಗಟ್ಟಲೆ ಅದರ ಮೇಲೆ ತುಳಿದಾಡಿದ ಹಾಗೆ. ಹಾಗಾದರೆ ಇದು ಕತ್ತೆಕಿರುಬಗಳು ತಲೆಮಾರುಗಳ ಕಾಲ ವಾಸವಿದ್ದ ಗುಹೆ. ಹೊರಗೆ ಸತ್ತ ಅಥವಾ ಕೊಂದ ಪ್ರಾಣಿಗಳ ತುಂಡುಗಳನ್ನು ಅವು ಒಳಗೆ ಎಳೆದು ತಂದು ತಿಂದಿವೆ.

ಊಹೆ ಚೆನ್ನಾಗಿದೆ. ಆದರೆ ಸಾಬೀತು ಮಾಡುವುದು ಹೇಗೆ?

ಕತ್ತೆಕಿರುಬದ ಮುಂದೆ ದನದ ಮೂಳೆ

ಒಂದು ಸಂಚಾರಿ ಪ್ರಾಣಿ ಪ್ರದರ್ಶನ ಆಕ್ಸ್‌ಫರ್ಡ್‌ಗೆ ಬಂದಿತ್ತು. ಅದರಲ್ಲಿ ಆಫ್ರಿಕಾದ ಕತ್ತೆಕಿರುಬವೂ ಇತ್ತು. ಬಕ್‌ಲ್ಯಾಂಡ್ ಅದರ ಮುಂದೆ ದನದ ಕಾಲಿನ ಮೂಳೆ ಹಾಕಿಸಿದರು. ಅದು ಮೂಳೆಯ ತುದಿಯನ್ನು ಕಚ್ಚಿ ಒಡೆದು, ಒಳಗಿನ ಮಜ್ಜೆ ನೆಕ್ಕಿ, ಕೆಲವು ಗಟ್ಟಿ ಭಾಗಗಳನ್ನು ಹಾಗೇ ಬಿಟ್ಟಿತು. ಬಿಟ್ಟ ತುಂಡುಗಳನ್ನು ತಂದು ಕರ್ಕ್‌ಡೇಲ್‌ನ ತುಂಡುಗಳ ಪಕ್ಕದಲ್ಲಿಟ್ಟು ನೋಡಿದರು. ಒಡೆದ ರೀತಿ ಒಂದೇ, ಹಲ್ಲಿನ ಗುರುತು ಒಂದೇ. ಜೀವಂತ ಪ್ರಾಣಿ ಬಿಟ್ಟ ಭಾಗಗಳೇ ಗುಹೆಯಲ್ಲಿ ಹೆಚ್ಚು ಸಿಕ್ಕಿದ್ದವು, ಅದು ತಿಂದು ಮುಗಿಸಿದ ಭಾಗಗಳು ಗುಹೆಯಲ್ಲೂ ಇರಲಿಲ್ಲ.

ಇನ್ನೊಂದು ಸುಳಿವೂ ಇತ್ತು. ಮಣ್ಣಿನಲ್ಲಿ ಬಿಳಿ ಬಣ್ಣದ ಗಟ್ಟಿ ಉಂಡೆಗಳು ಸಿಕ್ಕಿದ್ದವು. ಅವನ್ನು ಲಂಡನ್‌ನ ಒಂದು ಮೃಗಾಲಯದ ಪ್ರಾಣಿಪಾಲಕನಿಗೆ ತೋರಿಸಿದಾಗ, ದಿನಾ ಪಂಜರ ಗುಡಿಸುವ ಆತ ನೋಡಿದ ಕೂಡಲೇ ಕತ್ತೆಕಿರುಬದ ಹಿಕ್ಕೆಯ ಹಾಗಿದೆ ಎಂದು ಗುರುತಿಸಿದ. ರಸಾಯನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ಪರೀಕ್ಷೆ ಮಾಡಿದಾಗ ಅದರಲ್ಲಿ ಮೂಳೆಯ ಅಂಶಗಳೇ ತುಂಬಿದ್ದವು. ಮೂಳೆ ತಿನ್ನುವ ಪ್ರಾಣಿಯ ಮಲ ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗುವುದು ಸಹಜ. ಹಿಕ್ಕೆ ಪ್ರಳಯದ ನೀರಿನಲ್ಲಿ ದೇಶಾಂತರ ತೇಲಿ ಬರುವ ವಸ್ತುವಲ್ಲ. ಅಲ್ಲಿಯೇ ತಿಂದು, ಅಲ್ಲಿಯೇ ಹಾಕಿದ್ದು.

ನಮ್ಮ ಕೊಪ್ಪಳ, ಬಳ್ಳಾರಿ ಕಡೆಯ ಕುರುಚಲು ಕಾಡಿನಲ್ಲಿರುವುದು ಮೈಮೇಲೆ ಪಟ್ಟೆಗಳಿರುವ ಕತ್ತೆಕಿರುಬ. ಕರ್ಕ್‌ಡೇಲ್‌ನದ್ದು ಈಗ ಆಫ್ರಿಕಾದಲ್ಲಿ ಮಾತ್ರ ಉಳಿದಿರುವ ಚುಕ್ಕೆ ಕತ್ತೆಕಿರುಬದ ಬಳಗ. ಗುಹೆಯಲ್ಲಿ ಬೆಳೆದ ಸುಣ್ಣದ ಪದರವನ್ನು ಈಚಿನ ವಿಜ್ಞಾನಿಗಳು ಪರೀಕ್ಷಿಸಿ, ಆ ಮೂಳೆಗಳು ಸುಮಾರು 1,20,000 ವರ್ಷ ಹಳೆಯವು ಎಂದು ಲೆಕ್ಕ ಹಾಕಿದ್ದಾರೆ. ಎರಡು ಹಿಮಯುಗಗಳ ನಡುವಿನ ಆ ಬೆಚ್ಚನೆ ಕಾಲದಲ್ಲಿ ಯಾರ್ಕ್‌ಷೈರ್‌ನ ನದಿಗಳಲ್ಲಿ ನೀರಾನೆಗಳು ನಿಜಕ್ಕೂ ಬದುಕಿದ್ದವು.

1822ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಈ ಕೆಲಸಕ್ಕಾಗಿ ಬಕ್‌ಲ್ಯಾಂಡ್ ಅವರಿಗೆ ತನ್ನ ಅತಿ ದೊಡ್ಡ ಗೌರವವಾದ ಕೋಪ್ಲಿ ಪದಕ ಕೊಟ್ಟಿತು. ಗೆಳೆಯರೊಬ್ಬರು ಬಕ್‌ಲ್ಯಾಂಡ್ ಮೇಣದಬತ್ತಿ ಹಿಡಿದು ಗುಹೆಗೆ ತೆವಳಿ ಬರುತ್ತಿರುವಂತೆ, ಒಳಗೆ ಮೂಳೆ ಕಡಿಯುತ್ತಿರುವ ಕತ್ತೆಕಿರುಬಗಳು ಅವರನ್ನು ಕಂಡು ಬೆರಗಾದಂತೆ ವ್ಯಂಗ್ಯಚಿತ್ರ ಬರೆದರು.

ಕೆಂಪು ಬಣ್ಣ ಬಳಿದ ಅಸ್ಥಿಪಂಜರ

ಮರುವರ್ಷ, 1823ರ ಜನವರಿಯಲ್ಲಿ ಬಕ್‌ಲ್ಯಾಂಡ್ ಇನ್ನೊಂದು ಗುಹೆಗೆ ಹೋದರು. ಇದು ವೇಲ್ಸ್‌ನ ದಕ್ಷಿಣ ತೀರದಲ್ಲಿ ಸಮುದ್ರಕ್ಕೆ ಮುಖ ಮಾಡಿರುವ ಪ್ಯಾವಿಲ್ಯಾಂಡ್ ಗುಹೆ. ಸ್ಥಳೀಯರಿಗೆ ಅಲ್ಲಿ ಆನೆಜಾತಿಯ ದಂತ, ಮೂಳೆ ಸಿಕ್ಕಿದ್ದವು. ಬಕ್‌ಲ್ಯಾಂಡ್ ಅಗೆದಾಗ ಮನುಷ್ಯನ ಅಸ್ಥಿಪಂಜರವೇ ಸಿಕ್ಕಿತು. ತಲೆ ಇರಲಿಲ್ಲ. ಮೂಳೆಗಳಿಗೆಲ್ಲ ಕಾವಿಯಂಥ ಕೆಂಪು ಮಣ್ಣು ಮೆತ್ತಿತ್ತು. ಜೊತೆಗೆ ತೂತು ಕೊರೆದ ಸಣ್ಣ ಕಡಲಚಿಪ್ಪುಗಳು, ದಂತದ ಕಡ್ಡಿಗಳು, ದಂತದ ಬಳೆಯಂಥ ಉಂಗುರಗಳ ತುಂಡುಗಳು. ಹತ್ತಿರದಲ್ಲೇ ಮ್ಯಾಮತ್ ಎಂಬ ರೋಮಶ ಆನೆಯ ತಲೆಬುರುಡೆ.

ಇವತ್ತು ನಮಗೆ ಇದರ ಅರ್ಥ ಸುಲಭ. ಮ್ಯಾಮತ್ ಬದುಕಿದ್ದ ಕಾಲದಲ್ಲೇ ಮನುಷ್ಯರೂ ಇದ್ದರು. ಅದರ ದಂತದಿಂದ ಒಡವೆ ಮಾಡಿಕೊಂಡರು. ಸತ್ತ ತಮ್ಮವರೊಬ್ಬರನ್ನು ಬಣ್ಣ ಹಚ್ಚಿ, ಒಡವೆ ಇಟ್ಟು ಮಣ್ಣು ಮಾಡಿದರು.

ಬಕ್‌ಲ್ಯಾಂಡ್‌ಗೆ ಅದು ಹಾಗೆ ಕಾಣಲಿಲ್ಲ. ಅಳಿದುಹೋದ ಪ್ರಾಣಿಗಳೆಲ್ಲ ಪ್ರಳಯಕ್ಕೂ ಮುಂಚಿನವು, ಈ ದೇಶಕ್ಕೆ ಮನುಷ್ಯ ಬಂದದ್ದು ಆಮೇಲೆ ಎಂಬುದು ಅವರ ನಂಬಿಕೆ. ಹಾಗಾಗಿ ಈ ದೇಹ ಪ್ರಾಣಿಗಳಷ್ಟು ಹಳೆಯದಾಗಿರಲು ಸಾಧ್ಯವಿರಲಿಲ್ಲ. ಗುಡ್ಡದ ಮೇಲೆ ಹಳೆಯ ಕೋಟೆಯ ಕುರುಹು ಇತ್ತು. ಅದು ರೋಮನ್ನರ ಕಾಲದ ಶಿಬಿರ, ಈಕೆ ಆ ಶಿಬಿರದ ಆಸರೆಯಲ್ಲಿ ಬದುಕಿದ್ದ ಹೆಂಗಸು ಎಂದು ಅವರು ಬರೆದರು. ಒಡವೆ ಇದೆ, ಹಾಗಾಗಿ ಹೆಂಗಸು. ಗುಹೆಯಲ್ಲಿ ಮೊದಲೇ ಬಿದ್ದಿದ್ದ ಹಳೆಯ ದಂತವನ್ನು ಎತ್ತಿಕೊಂಡು ಕಡ್ಡಿ, ಉಂಗುರ ಮಾಡಿದ್ದಾರೆ ಎಂದು ಸಮಾಧಾನ ಹೇಳಿಕೊಂಡರು. ಅಂದಿನಿಂದ ಆ ಅಸ್ಥಿಪಂಜರಕ್ಕೆ ಪ್ಯಾವಿಲ್ಯಾಂಡ್‌ನ ಕೆಂಪು ಮಹಿಳೆ ಎಂಬ ಹೆಸರೇ ನಿಂತಿತು.

ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡುವುದು ಒಂದು ಸಣ್ಣ ವಿವರ. ಗುಹೆಯ ದಂತ ಮುಟ್ಟಿದರೆ ಪುಡಿಯಾಗುವಷ್ಟು ಹಳತಾಗಿತ್ತು. ಅದನ್ನು ಕೆತ್ತುವಾಗ ಅದು ಗಟ್ಟಿಯಾಗಿಯೇ ಇದ್ದಿರಬೇಕು ಎಂದು ಬಕ್‌ಲ್ಯಾಂಡ್ ತಾವೇ ಬರೆದಿಟ್ಟಿದ್ದಾರೆ. ಅಂದರೆ ಸುಳಿವು ಅವರ ಕಣ್ಣಿಗೆ ಬಿದ್ದಿತ್ತು. ಆದರೆ ಕತ್ತೆಕಿರುಬದ ಗುಹೆಯಲ್ಲಿ ಹಿಕ್ಕೆಯನ್ನೂ ಬಿಡದೆ ಪರೀಕ್ಷಿಸಿದವರು ಇಲ್ಲಿ ಆ ಸುಳಿವಿನ ಹಿಂದೆ ಕೊನೆಯವರೆಗೆ ಹೋಗಲಿಲ್ಲ.

ಬೆಲೆ ತೆತ್ತವರು ಬೇರೆಯವರು

ದೊಡ್ಡವರು ತಪ್ಪು ತಿಳಿದರೆ ಅದರ ಪರಿಣಾಮ ಅವರೊಬ್ಬರಿಗೇ ನಿಲ್ಲುವುದಿಲ್ಲ. 1825ರಿಂದ ಕೆಲವು ವರ್ಷ ಜಾನ್ ಮ್ಯಾಕ್‌ಎನರಿ ಎಂಬ ಕ್ಯಾಥೊಲಿಕ್ ಪಾದ್ರಿ ಡೆವನ್‌ನ ಟಾರ್ಕಿ ಊರಿನ ಕೆಂಟ್ಸ್ ಕ್ಯಾವರ್ನ್ ಗುಹೆಯನ್ನು ಅಗೆದರು. ಸುಣ್ಣದ ನೀರು ತೊಟ್ಟಿಕ್ಕಿ ಕಲ್ಲಾದ ಗಟ್ಟಿ ಪದರದ ಕೆಳಗೆ ಅಳಿದುಹೋದ ಪ್ರಾಣಿಗಳ ಮೂಳೆ ಇತ್ತು, ಅವುಗಳ ಜೊತೆಯಲ್ಲೇ ಮನುಷ್ಯ ಮಾಡಿದ ಕಲ್ಲಿನ ಆಯುಧಗಳೂ ಇದ್ದವು. ನಂತರದ ಕಾಲದ ಜನ ಆ ಪದರದಲ್ಲಿ ಒಲೆಗಾಗಿ ಗುಂಡಿ ತೋಡಿರುತ್ತಾರೆ, ಆಯುಧಗಳು ಆಗ ಕೆಳಗೆ ಬಿದ್ದಿರುತ್ತವೆ ಎಂಬುದು ಬಕ್‌ಲ್ಯಾಂಡ್ ಅವರ ವಿವರಣೆ. ಮ್ಯಾಕ್‌ಎನರಿಗೆ ಅಂಥ ಗುಂಡಿ ಕಂಡಿರಲಿಲ್ಲ. ಆದರೂ ಆ ಕಾಲದ ಹೆಸರಾಂತ ಪ್ರಾಧ್ಯಾಪಕರ ಮಾತಿನ ಎದುರು ಅವರು ತಮ್ಮ ಪುಸ್ತಕವನ್ನು ಅಚ್ಚು ಹಾಕಿಸಲಿಲ್ಲ. 1841ರಲ್ಲಿ ತೀರಿಕೊಂಡರು. ಬರಹ ಹೊರಬಂದದ್ದು ಅವರ ನಂತರವೇ. ಬೆಲ್ಜಿಯಂನ ಗುಹೆಗಳಲ್ಲಿ ವೈದ್ಯ ಫಿಲಿಪ್ ಶ್ಮೆರ್ಲಿಂಗ್ ಅವರಿಗೂ ಅಳಿದ ಪ್ರಾಣಿಗಳ ಜೊತೆ ಮನುಷ್ಯರ ಮೂಳೆ ಸಿಕ್ಕಿತ್ತು. ಅವರ ಮಾತಿಗೂ ಆಗ ಮನ್ನಣೆ ಸಿಗಲಿಲ್ಲ.

ಹಾಗೆಂದು ಬಕ್‌ಲ್ಯಾಂಡ್ ಹಟಮಾರಿಯಾಗಿದ್ದರು ಎನ್ನುವಂತಿಲ್ಲ. 1836ರ ಪುಸ್ತಕದಲ್ಲಿ ಅವರು ತಮ್ಮ ಹಳೆಯ ವಾದ ಬಿಟ್ಟರು. ನೆಲದ ಮೇಲಿನ ಆ ಕೆಸರು, ಜಲ್ಲಿಯ ಪದರಗಳಿಗೂ ನೋಹನ ಪ್ರಳಯಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ ಎಂದು ಒಪ್ಪಿಕೊಂಡರು. 1840ರಲ್ಲಿ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಜೊತೆ ಸ್ಕಾಟ್ಲೆಂಡ್ ಸುತ್ತಿ, ಪ್ರಳಯದ ಗುರುತು ಎಂದು ತಾವು ಅಂದುಕೊಂಡಿದ್ದ ಎಷ್ಟೋ ಕುರುಹುಗಳು ಹಿಮನದಿಗಳದ್ದು ಎಂದು ಬಹಿರಂಗವಾಗಿ ಹೇಳಿದರು. ಬದುಕಿಡೀ ಕಟ್ಟಿದ ವಾದವನ್ನು ಐವತ್ತು ದಾಟಿದ ಮೇಲೆ ಬಿಡುವುದು ಸಣ್ಣ ಮಾತಲ್ಲ. ಆದರೆ ಮ್ಯಾಮತ್ ಜೊತೆ ಬ್ರಿಟನ್‌ನಲ್ಲಿ ಮನುಷ್ಯ ಬದುಕಿದ್ದ ಎಂಬುದನ್ನು ಮಾತ್ರ ಅವರು ಒಪ್ಪಲೇ ಇಲ್ಲ.

ರಾಜನ ಹೃದಯ ತಿಂದರಂತೆ, ನಿಜವೇ?

ಬಕ್‌ಲ್ಯಾಂಡ್ ಹೆಸರು ಇಂಟರ್ನೆಟ್‌ನಲ್ಲಿ ಹೆಚ್ಚು ಓಡಾಡುವುದು ಈ ಸಂಶೋಧನೆಗಳಿಗಾಗಿ ಅಲ್ಲ, ಅವರ ಊಟಕ್ಕಾಗಿ. ಸಿಕ್ಕ ಪ್ರಾಣಿಯನ್ನೆಲ್ಲ ಒಮ್ಮೆ ರುಚಿ ನೋಡುವುದು ಅವರ ಚಟವಾಗಿತ್ತು ಎಂಬುದು ನಿಜ. ಅವರ ಮನೆಯ ಊಟದಲ್ಲಿ ಸುಟ್ಟ ಇಲಿ ಬಡಿಸುತ್ತಿದ್ದದ್ದನ್ನು ಲೇಖಕ ಜಾನ್ ರಸ್ಕಿನ್ ದಾಖಲಿಸಿದ್ದಾರೆ.

ಆದರೆ ಫ್ರಾನ್ಸ್‌ನ ರಾಜನ ಒಣಗಿಸಿಟ್ಟ ಹೃದಯವನ್ನು ಅವರು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟರು ಎನ್ನುವ ಕಥೆ? ಇದನ್ನು ಪ್ರಚಾರಕ್ಕೆ ತಂದದ್ದು ಆಗಸ್ಟಸ್ ಹೇರ್ ಎಂಬ ಲೇಖಕರ ಆತ್ಮಕಥೆ. ಅದು ಅಚ್ಚಾದದ್ದು ಬಕ್‌ಲ್ಯಾಂಡ್ ತೀರಿಕೊಂಡು ಸುಮಾರು 40 ವರ್ಷ ಆದಮೇಲೆ. ಹೇರ್ ಅದನ್ನು ಕಣ್ಣಾರೆ ಕಂಡವರಲ್ಲ, ಊಟದ ಮೇಜಿನ ಹರಟೆಯಲ್ಲಿ ಕೇಳಿ ಬರೆದವರು. ಹಾಗಾಗಿ ಇದನ್ನು ಸತ್ಯ ಎಂದು ಫಾರ್ವರ್ಡ್ ಮಾಡಬೇಡಿ. ಆಗಿನ ಕಾಲದ ಫಾರ್ವರ್ಡ್ ಅದು.

ಕಡಿಮೆ ಜನ ಹೇಳುವ ಸಂಗತಿಯೊಂದಿದೆ. 1825ರಲ್ಲಿ ಅವರನ್ನು ಮದುವೆಯಾದ ಮೇರಿ ಮೋರ್ಲ್ಯಾಂಡ್ ತಾವೇ ಪಳೆಯುಳಿಕೆ ಸಂಗ್ರಹಿಸಿ, ನಿಖರವಾಗಿ ಚಿತ್ರ ಬರೆಯಬಲ್ಲವರಾಗಿದ್ದರು. ಗಂಡನ ಬರಹಗಳಿಗೆ ಚಿತ್ರ ಬರೆದವರು, ಒಡೆದ ಮೂಳೆಗಳನ್ನು ಜೋಡಿಸಿದವರು ಅವರು. ಹಾಗೆಯೇ, ಕಲ್ಲಾದ ಮಲಕ್ಕೆ ಕೊಪ್ರೊಲೈಟ್ ಎಂದು ಹೆಸರಿಟ್ಟವರು ಬಕ್‌ಲ್ಯಾಂಡ್ ಆದರೂ, ಅಂಥ ಕಲ್ಲುಗಳು ಸಮುದ್ರ ಸರೀಸೃಪಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತವೆ, ಒಡೆದರೆ ಒಳಗೆ ಮೀನಿನ ಮುಳ್ಳು ಕಾಣುತ್ತದೆ ಎಂದು ಗಮನಿಸಿದ್ದವರು ಲೈಮ್ ರೀಜಿಸ್‌ನ ಬಡ ಮನೆಯ ಹೆಣ್ಣುಮಗಳು ಮೇರಿ ಆ್ಯನಿಂಗ್.

1845ರಲ್ಲಿ ಬಕ್‌ಲ್ಯಾಂಡ್ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಮುಖ್ಯಸ್ಥರಾದರು. ಕೆಲವೇ ವರ್ಷಗಳಲ್ಲಿ ಕಾಯಿಲೆ ಅವರ ಬುದ್ಧಿಶಕ್ತಿಯನ್ನೇ ಕುಂದಿಸಿತು. 1856ರಲ್ಲಿ ತೀರಿಕೊಂಡರು.

ಉತ್ತರ ಸಿಕ್ಕಿದ್ದು ಎರಡೇ ವರ್ಷಕ್ಕೆ

1858ರಲ್ಲಿ ಡೆವನ್‌ನ ಬ್ರಿಕ್ಸ್‌ಹ್ಯಾಮ್‌ನಲ್ಲಿ ಯಾರೂ ಕೈಯಿಡದ ಹೊಸ ಗುಹೆಯೊಂದು ಸಿಕ್ಕಿತು. ವಿಲಿಯಂ ಪೆಂಗೆಲಿ ಅದನ್ನು ಹಿರಿಯ ವಿಜ್ಞಾನಿಗಳ ಸಮಿತಿಯ ಉಸ್ತುವಾರಿಯಲ್ಲಿ ಪದರ ಪದರವಾಗಿ, ಪ್ರತಿ ವಸ್ತು ಸಿಕ್ಕ ಜಾಗ ಬರೆದುಕೊಳ್ಳುತ್ತಾ ಅಗೆದರು. ಒಡೆಯದ ಸುಣ್ಣದ ಪದರದ ಕೆಳಗೆ, ಅಳಿದ ಪ್ರಾಣಿಗಳ ಮೂಳೆಗಳ ನಡುವೆ ಕಲ್ಲಿನ ಆಯುಧಗಳಿದ್ದವು. ಗುಂಡಿ ತೋಡಿದರು ಎನ್ನಲು ಈ ಸಲ ಜಾಗವೇ ಇರಲಿಲ್ಲ. ಮ್ಯಾಕ್‌ಎನರಿ ಹೇಳಿದ್ದು ಸರಿ ಎಂದು ವಿಜ್ಞಾನ ಲೋಕ ಒಪ್ಪಿತು.

ಪ್ಯಾವಿಲ್ಯಾಂಡ್ ಗುಹೆಯನ್ನು 1912ರಲ್ಲಿ ಮತ್ತೆ ಅಗೆದವರು ಬಕ್‌ಲ್ಯಾಂಡ್ ಕಲಿಸುತ್ತಿದ್ದ ಅದೇ ಆಕ್ಸ್‌ಫರ್ಡ್‌ನಲ್ಲಿ ಅದೇ ವಿಷಯದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಸೋಲಸ್. ಕೆಂಪು ಮಹಿಳೆ ಮಹಿಳೆಯೇ ಅಲ್ಲ, ಗಂಡಸು, ಅದೂ ಹಿಮಯುಗದ ಕಾಲದವನು ಎಂದು ಅವರು ತೋರಿಸಿದರು. 1960ರ ದಶಕದಲ್ಲಿ ಮೊದಲ ಕಾರ್ಬನ್ ಪರೀಕ್ಷೆ ಸುಮಾರು 18,000 ವರ್ಷ ಎಂದಿತು. ಮೂಳೆಯಲ್ಲಿ ಸೇರಿದ ಹೊರಗಿನ ಕಶ್ಮಲ ತೆಗೆಯುವ ವಿಧಾನ ಸುಧಾರಿಸಿದಂತೆ ಅಂಕಿ ಹಿಂದಕ್ಕೆ ಸರಿಯಿತು. ಈಗಿನ ಲೆಕ್ಕ ಸುಮಾರು 33,000 ವರ್ಷ. ಬ್ರಿಟನ್‌ನಲ್ಲಿ ವಿಧಿಪೂರ್ವಕವಾಗಿ ಮಣ್ಣು ಮಾಡಿದ, ನಮಗೆ ಗೊತ್ತಿರುವ ಅತಿ ಹಳೆಯ ಮನುಷ್ಯ ಆತ.

ಬಕ್‌ಲ್ಯಾಂಡ್ ಕತ್ತೆಕಿರುಬದ ಮುಂದೆ ಮಾಡಿದ ಪ್ರಯೋಗವನ್ನು ಇಂದಿಗೂ ಪ್ರಾಣಿ ಮೂಳೆ ಓದುವ ಪುರಾತತ್ವಜ್ಞರು ಬೇರೆ ಬೇರೆ ರೂಪದಲ್ಲಿ ಮಾಡುತ್ತಾರೆ. ಮಾಂಸಾಹಾರಿ ಪ್ರಾಣಿಯ ಹಲ್ಲು ಮೂಳೆಯ ಮೇಲೆ ಅಗಲವಾದ, ತಳ ದುಂಡಗಿರುವ ಗೀರು ಬಿಡುತ್ತದೆ. ಕಲ್ಲಿನ ಚಾಕು ಕಿರಿದಾದ, ಚೂಪು ತಳದ ಗೀರು ಬಿಡುತ್ತದೆ. ಕತ್ತೆಕಿರುಬ ಮೂಳೆಯ ಮೆತ್ತನೆ ತುದಿಗಳನ್ನು ಮೊದಲು ತಿನ್ನುತ್ತದೆ. ಮನುಷ್ಯ ಮಜ್ಜೆಗಾಗಿ ನಡುಭಾಗವನ್ನು ಕಲ್ಲಿನಿಂದ ಜಜ್ಜುತ್ತಾನೆ. ಒಂದು ಮೂಳೆಯ ಮೇಲೆ ಚಾಕುವಿನ ಗುರುತು ಕೆಳಗೆ, ಹಲ್ಲಿನ ಗುರುತು ಅದರ ಮೇಲೆ ಇದ್ದರೆ, ಮೊದಲು ಉಂಡವರು ಮನುಷ್ಯರು, ಎಂಜಲು ತಿಂದದ್ದು ಪ್ರಾಣಿ ಎಂದು ಹೇಳಬಹುದು.

ಹಾಗಾದರೆ ನಾವೇನು ಮಾಡಬಹುದು?

ಮೂಳೆಯ ಫೋಟೋ ಇರುವ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ. ಇದು ಸಿಕ್ಕ ಊರು, ವರ್ಷ, ಅಗೆದವರ ಹೆಸರು ಇದೆಯೇ? ಯಾವುದರ ಜೊತೆ ಹೋಲಿಸಿ ಈ ತೀರ್ಮಾನಕ್ಕೆ ಬಂದರು? ಈಗ ಆ ಮೂಳೆ ಎಲ್ಲಿದೆ, ಬೇರೆಯವರು ಪರೀಕ್ಷಿಸಬಹುದೇ? ಕರ್ಕ್‌ಡೇಲ್ ಗುಹೆಗೆ ಈ ಮೂರಕ್ಕೂ ಉತ್ತರವಿದೆ. ಘಟೋತ್ಕಚನ ಫೋಟೋಗೆ ಒಂದಕ್ಕೂ ಇಲ್ಲ.

ನಾಲ್ಕನೆಯ ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು: ಇದು ನಿಜವಾಗಿರಲಿ ಎಂಬ ಆಸೆ ನನಗೆ ಮೊದಲೇ ಇದೆಯೇ? ಬಕ್‌ಲ್ಯಾಂಡ್ ಬುದ್ಧಿಯಲ್ಲಿ, ಶ್ರಮದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಪರೀಕ್ಷೆ ಮಾಡುವ ದಾರಿಯನ್ನೂ ಬಲ್ಲವರು. ಉತ್ತರ ಏನಿರಬೇಕು ಎಂದು ಮೊದಲೇ ತೀರ್ಮಾನಿಸಿದ್ದ ಒಂದು ಜಾಗದಲ್ಲಿ ಮಾತ್ರ ಅವರು ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟರು. ನಮಗೆ ಇಷ್ಟವಾಗದ ಸುದ್ದಿಯನ್ನು ನಾವೆಲ್ಲರೂ ಕೂಡಲೇ ಅನುಮಾನಿಸುತ್ತೇವೆ. ಶೇರ್ ಬಟನ್ ಒತ್ತುವ ಮೊದಲು ಎರಡು ನಿಮಿಷ ಕೊಡಬೇಕಾದದ್ದು ಓದಿ ಖುಷಿಯಾದ ಸುದ್ದಿಗೆ.